ಎಲ್ಲರ ಪುಟದಲ್ಲೂ ಬೇಕರಿಯಣ್ಣ

ಬೆಳಿಗ್ಗೆ ಒಂಬತ್ತು ಗಂಟೆ. ಆಫೀಸಿನ ಬೀಗ ಇನ್ನೂ ತೆಗೆದಿರಲಿಲ್ಲ. ಒಳಗೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಮೊಳೆಯಮ್ಮ ಕೀಲಿ ತಿರುಗಿಸಿದರು. ಸೊಸೆ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದಳು. "ಹಲೋ" ಅಂದಳು. ಆಮೇಲೆ ಅತ್ತ ಕಡೆಯ ಮಾತನ್ನೇ ಕೇಳುತ್ತಾ ನಿಂತಳು. ಮುಖದ ಬಣ್ಣ ಮಾತ್ರ ಇಳಿಯುತ್ತಾ ಹೋಯಿತು.

"ಏನಾಯ್ತಮ್ಮಾ?"

"ಲೈಬ್ರರಿ ಮೇಡಂ ಫೋನು, ಅತ್ತೆ. ನಮ್ಮ ವೆಬ್‌ಸೈಟಿನಲ್ಲಿ ಯಾರು ಅವರವರ ಪುಟ ತೆಗೆದ್ರೂ ಬೇಕರಿಯಣ್ಣನ ಪುಟ ಬರ್ತಿದೆಯಂತೆ."

"ಯಾರು ಅಂದ್ರೆ?"

"ಎಲ್ಲರೂ. ಎರಡು ಸಾವಿರ ಜನಾನೂ."

ಮೊಳೆಯಮ್ಮ ತಮ್ಮ ಮೂಲೆಯ ಕುರ್ಚಿಯಲ್ಲಿ ಕೂತರು. ಕನ್ನಡಕ ಏರಿಸಿದರು. ಮೂವತ್ತಾರು ವರ್ಷ ಅಚ್ಚುಕೂಟದಲ್ಲಿ ಅಕ್ಷರಗಳ ಸೀಸದ ಮೊಳೆ ಜೋಡಿಸಿದ ಕೈ ಅವರದು. ಆ ಹೆಸರು ಬಂದದ್ದೇ ಅದರಿಂದ. ಅಚ್ಚುಕೂಟ ಮುಚ್ಚಿದ ಮೇಲೆ ಸೊಸೆ ತಾನು ಕೆಲಸ ಮಾಡುವ, ವೆಬ್‌ಸೈಟು ಕಟ್ಟುವ ಆಫೀಸಿಗೇ ಕರೆತಂದಿದ್ದಳು. ಪುಟಗಳ ಕರಡು ತಿದ್ದುವುದು ಈಗ ಅವರ ಕೆಲಸ. ಲೈಬ್ರರಿಯ ವೆಬ್‌ಸೈಟು ಈ ಆಫೀಸಿನ ಕೈಯಲ್ಲೇ ಬೆಳೆದ ಕೂಸು. ಓದುಗರು ತಮ್ಮ ಗುಟ್ಟಿನ ಪದ ಹಾಕಿದರೆ ಅವರದೇ ಪುಟ ಬರುತ್ತದೆ: ಯಾವ ಪುಸ್ತಕ ಒಯ್ದಿದ್ದಾರೆ, ಯಾವತ್ತು ಮರಳಿಸಬೇಕು.

ಪುಟ ತೆರೆಯುವವರೆಗೆ ಬೆರಳ ಗೆಣ್ಣುಗಳ ಮೇಲೆ ದೇವರ ಹೆಸರು ಎಣಿಸುವುದು ಮೊಳೆಯಮ್ಮನ ರೂಢಿ. ಕಾಯುವ ಹೊತ್ತು ಹೇಗೂ ಕಳೆಯಬೇಕು, ಒಳ್ಳೆಯದರಲ್ಲೇ ಕಳೆಯಲಿ ಎಂದು. ಇವತ್ತು ಹೆಬ್ಬೆರಳು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೇ ನಿಂತುಬಿಟ್ಟಿತು. ಪರದೆಯ ಮೇಲೆ ಇದ್ದದ್ದು ಹಾಗಿತ್ತು.

"ಶುಭೋದಯ, ಬೇಕರಿಯಣ್ಣ. ಅಕ್ಷರ ಕಲಿಕೆ, ಪಾಠ ಹನ್ನೊಂದು. ಹಿಂದೆ ಬರೆದದ್ದರಲ್ಲಿ ಏಳು ತಪ್ಪು. ಬೇಸರ ಬೇಡ, ಮತ್ತೊಮ್ಮೆ ಬರೆಯೋಣ."

ಮೊಳೆಯಮ್ಮ ಕೈ ಮುಗಿದು ಕೆಳಗಿಳಿಸಿದರು. ಊರಿಗೆಲ್ಲ ಬನ್ನು ತಿನ್ನಿಸುವ ಬೇಕರಿಯಣ್ಣ. ಐವತ್ತೆಂಟು ವರ್ಷದ ಗಂಭೀರ ಮನುಷ್ಯ. ಅವರಿಗೆ ಓದು ಬರುವುದಿಲ್ಲ ಎಂಬುದು ಲೈಬ್ರರಿ ಮೇಡಂಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಊರಿಗೆಲ್ಲ ಗೊತ್ತಾಗಿತ್ತು.

*

ಹತ್ತು ಗಂಟೆಗೆ ಲೈಬ್ರರಿ ಮೇಡಂ ಬಂದರು. ಕೂರಲಿಲ್ಲ.

"ಗುಟ್ಟಾಗಿ ಇಡ್ತೀವಿ ಅಂತ ಮಾತು ಕೊಟ್ಟೇ ಆ ಅಕ್ಷರ ತರಗತಿ ಶುರು ಮಾಡಿದ್ದು. ಒಂಬತ್ತು ಜನ ಕಲೀತಿದ್ದಾರೆ. ಎಲ್ಲ ದೊಡ್ಡವರು. ಇನ್ನು ಯಾರು ಬರ್ತಾರೆ ಹೇಳಿ?"

ಆಫೀಸಿನ ಯಜಮಾನರು ಆಗಷ್ಟೇ ಬಂದಿದ್ದರು. ಒಂಬತ್ತೂವರೆಗೆ ಮೊದಲು ಅವರ ಕಣ್ಣು ತೆರೆಯುವುದೇ ಅಪರೂಪ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ನಾಲ್ಕು ಗಂಟೆಗೆ ನಿಮ್ಮನ್ನ ಕರೆದು ಒಂದು ಸಂತೋಷದ ಸುದ್ದಿ ಹೇಳೋಣ ಅಂತಿದ್ದೆ ಮೇಡಂ. ನಮ್ಮ ಗ್ರಹಚಾರ, ಯಾವನೋ ಕಳ್ಳ ಒಳಗೆ ನುಗ್ಗಿದ್ದಾನೆ."

"ಕಳ್ಳ ಹೊರಗಿನವನೋ ಒಳಗಿನವನೋ? ಆ ಹೆಸರಿನ ಸಾಲನ್ನ ಕೊನೆಗೆ ಮುಟ್ಟಿದ್ದು ಯಾರು?"

ಎಲ್ಲರೂ ಬಿರುಗಾಳಿಯ ಕಡೆ ನೋಡಿದರು. ಬಿರುಗಾಳಿ ಎಂದರೆ ಸೊಸೆಯ ಜೊತೆ ಕೆಲಸ ಮಾಡುವ ಹುಡುಗ, ಇಪ್ಪತ್ತೆಂಟರವನು. ಕೀಬೋರ್ಡಿನ ಎರಡು ಗುಂಡಿ ಅವನ ಹೊಡೆತಕ್ಕೆ ಈಗಾಗಲೇ ಹಾರಿಹೋಗಿದ್ದವು. ಅವನು ದಾಖಲೆ ತೆಗೆದು ನೋಡಿದ. ಮತ್ತೊಮ್ಮೆ ನೋಡಿದ.

"ಹೇಳಪ್ಪಾ," ಅಂದರು ಯಜಮಾನರು.

"ನಿನ್ನೆ ಸಂಜೆ ಐದಕ್ಕೆ... ಅಕ್ಕ." ಅವನು ಸೊಸೆಯ ಕಡೆ ತೋರಿಸಿದ. "ಆ ಸಾಲಿಗೆ ‘ಶುಭೋದಯ, ಶುಭಸಂಜೆ’ ಅಂತ ಸೇರಿಸಿದ್ದಾರೆ."

"ಹೌದು. ನಾನೇ ಸೇರಿಸಿದ್ದು," ಅಂದಳು ಸೊಸೆ. "ಹೊತ್ತಿಗೆ ತಕ್ಕ ಹಾಗೆ ನಮಸ್ಕಾರ ಹೇಳಲಿ ಅಂತ. ಆದ್ರೆ ಯಾರ ಹೆಸರನ್ನೂ ನಾನು ಅಲ್ಲಿ ಬರೆದಿಲ್ಲ."

ಮೇಡಂ ಅವಳನ್ನೇ ನೋಡಿದರು. ದನಿ ತಗ್ಗಿತು. ಆದರೆ ಬಾಗಲಿಲ್ಲ. "ಇವತ್ತು ನಾಲ್ಕು ಗಂಟೆಯೊಳಗೆ ಇದು ಹೇಗಾಯ್ತು ಅಂತ ನನಗೆ ಗೊತ್ತಾಗಬೇಕು. ಇಲ್ಲದಿದ್ರೆ ಇವರು ನಮ್ಮ ಕೆಲಸದಲ್ಲಿ ಇರಬಾರದು. ತರಗತಿಯನ್ನೂ ಮುಚ್ತೀನಿ."

ಬಾಗಿಲ ಬಳಿ ನಿಂತು ಇನ್ನೊಂದು ಮಾತು ಸೇರಿಸಿದರು. "ಮೊನ್ನೆ ಎದುರು ಬೇಕರಿಯ ರಸ್ಕಿನವರು, ಗರಿಗರಿ, ಬಂದಿದ್ರು. ಬೇಕರಿಯಣ್ಣ ವಾರಾವಾರ ಲೈಬ್ರರಿಗೆ ಯಾಕೆ ಬರ್ತಾನೆ ಅಂತ ಕೆದಕಿ ಕೆದಕಿ ಕೇಳಿದ್ರು. ಅದನ್ನೂ ನೋಡಿ."

ಸೊಸೆ ವೆಬ್‌ಸೈಟಿನ ಬಾಗಿಲನ್ನು ಹೊರಗಿನವರಿಗೆ ಮುಚ್ಚಿದಳು. ಆಫೀಸಿನವರಿಗೆ ಮಾತ್ರ ತೆರೆದಿಟ್ಟಳು. ಮೊಳೆಯಮ್ಮ ಅವಳ ಕೈಯ ಮೇಲೆ ತಮ್ಮ ಕೈ ಇಟ್ಟರು. ಸೀಸದ ಕಪ್ಪು ಇನ್ನೂ ಉಗುರಿನ ಅಂಚಿನಲ್ಲಿ ಉಳಿದಿದ್ದ ಕೈ.

"ನೀನು ಮಾಡಿಲ್ಲ. ಅದು ನನಗೆ ಗೊತ್ತು. ನಾಲ್ಕು ಗಂಟೆಯೊಳಗೆ ಮೇಡಂಗೂ ಗೊತ್ತಾಗಬೇಕು, ಅಷ್ಟೇ."

*

"ಈ ಪುಟ ಹೇಗೆ ಹುಟ್ಟುತ್ತೆ? ನನಗೆ ತಿಳಿಯೋ ಹಾಗೆ ಹೇಳು," ಅಂದರು ಮೊಳೆಯಮ್ಮ.

ಸೊಸೆ ಗೋಡೆಗೆ ಅಂಟಿಸಿದ್ದ ಹಾಳೆ ತೋರಿಸಿದಳು. "ಇದು ಟೆಂಪ್ಲೇಟು, ಅತ್ತೆ. ನಿಮ್ಮ ಭಾಷೇಲಿ ಅಚ್ಚು. ಮೇಲೆ ಲೈಬ್ರರಿ ಹೆಸರು, ಪಕ್ಕದಲ್ಲಿ ಅಲ್ಲಿರೋ ಎಲ್ಲ ಪುಸ್ತಕದ ಪಟ್ಟಿ, ಕೆಳಗೆ ವಿಳಾಸ. ನಡುವೆ ಮೂರು ಸಾಲು ಖಾಲಿ. ಯಾರಾದ್ರೂ ಪುಟ ಕೇಳಿದಾಗ ಇದೆಲ್ಲಾನೂ ಮೊದಲಿಂದ ಜೋಡಿಸಿ, ಆ ಮೂರು ಸಾಲಿಗೆ ಅವರ ಹೆಸರು, ಅವರು ಒಯ್ದ ಪುಸ್ತಕ ಇಲ್ಲಾ ಪಾಠ, ಗಡುವು ಇಲ್ಲಾ ತಪ್ಪು-ಒಪ್ಪು ತುಂಬಿ ಕಳಿಸುತ್ತೆ."

"ಪ್ರತಿ ಸಲವೂ ಮೊದಲಿಂದಲೇ?"

"ಪ್ರತಿ ಸಲವೂ. ಹತ್ತು ಸಾವಿರ ಪುಸ್ತಕದ ಪಟ್ಟಿ ಎಣಿಸಿ ಜೋಡಿಸಬೇಕಲ್ಲ, ಅದಕ್ಕೇ ನಿಧಾನ. ಬೇರೆ ದಾರಿ ಮಾಡೋಣ, ಎರಡು ದಿನ ಕೊಡಿ ಅಂತ ಯಜಮಾನರನ್ನ ಕೇಳಿದ್ದೆ. ಆಮೇಲೆ ನೋಡೋಣ ಅಂದ್ರು."

ಬಿರುಗಾಳಿ ತಿರುಗಿ ನೋಡಿದ. "ಅಮ್ಮಾ, ನಿನ್ನೆ ಚಹಾ ಹೊತ್ತಿಗೆ ಹೇಳ್ತಿದ್ದ ಪ್ರೆಸ್ಸಿನ ಕಥೆ ಅರ್ಧಕ್ಕೇ ನಿಂತುಹೋಯ್ತಲ್ಲ. ಹಾಲು ಉಕ್ಕಿತು ಅಂತ ಎದ್ದು ಓಡಿದ್ರಿ."

"ಈಗ ಕಥೆ ಹೇಳೋ ಹೊತ್ತೇನೋ? ನೀನು ಮೊದಲು ಹೇಳು. ನಾನು ಒಳಗೆ ಬಂದಾಗೆಲ್ಲ ಪರದೆ ಮುಚ್ತೀಯಲ್ಲ, ಅದರಲ್ಲಿ ಏನಿದೆ?"

ಬಿರುಗಾಳಿಯ ಕಿವಿ ಕೆಂಪಾಯಿತು. "ಏನಿಲ್ಲ."

"ತೆಗಿ."

ತೆಗೆದ. ಹದಿನಾಲ್ಕು ಸಾಲಿನ ಕವಿತೆ. ಮೊದಲ ಸಾಲಿನಲ್ಲಿ ಚಂದ್ರ, ಎರಡನೆಯ ಸಾಲಿನಲ್ಲಿ ಕಣ್ಣು. ಮೊಳೆಯಮ್ಮ ಪೂರ್ತಿ ಓದಿದರು. ಅಷ್ಟು ಹೊತ್ತೂ ಅವನು ನೆಲ ನೋಡುತ್ತ ನಿಂತಿದ್ದ.

"ಯಾರಿಗಪ್ಪಾ ಇದು?"

"ಇನ್ನೂ ಯಾರೂ ಸಿಕ್ಕಿಲ್ಲ ಅಮ್ಮಾ. ಸಿಕ್ಕಿದಾಗ ಇರಲಿ ಅಂತ."

ಅಂಥ ದಿನವೂ ಸೊಸೆಗೆ ನಗು ತಡೆಯಲಾಗಲಿಲ್ಲ. ಮೊಳೆಯಮ್ಮ ಮನಸ್ಸಿನ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕಿದರು. ಸೆರಗು ಸರಿ ಮಾಡಿಕೊಂಡು ಬೀದಿಗಿಳಿದರು.

*

ಬೀದಿಯ ಎಡಕ್ಕೆ ಬೇಕರಿಯಣ್ಣನ ಅಂಗಡಿ, ಬಲಕ್ಕೆ ಗರಿಗರಿಯದು. ಎಡದಲ್ಲಿ ಮೆತ್ತನೆಯ ಬನ್ನು, ಬಲದಲ್ಲಿ ಗರಿಗರಿ ರಸ್ಕು. ಯಾರ ಒಲೆಯ ಹೊಗೆ ಯಾರ ಅಂಗಡಿಗೆ ನುಗ್ಗುತ್ತದೆ ಎಂಬ ಮಾತಿಗೆ ಇಬ್ಬರೂ ಹತ್ತು ವರ್ಷದಿಂದ ಮಾತು ಬಿಟ್ಟಿದ್ದರು.

ಮೊಳೆಯಮ್ಮ ಮೊದಲು ಬಲಕ್ಕೆ ಹೋದರು.

"ಬನ್ನಿ ಅಮ್ಮಾ. ಕಾಲು ಕೇಜಿ ಕಟ್ಟಲಾ?"

"ರಸ್ಕು ಆಮೇಲೆ. ಬೇಕರಿಯಣ್ಣ ಲೈಬ್ರರಿಗೆ ಯಾಕೆ ಹೋಗ್ತಾರೆ ಅಂತ ಕೇಳಿದ್ರಂತೆ?"

ಗರಿಗರಿಯ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. "ಕೇಳಿದೆ. ಕೇಳೋದು ತಪ್ಪಾ?"

"ಕೇಳೋದು ತಪ್ಪಲ್ಲ. ಡಂಗುರ ಹೊಡೆಯೋದು ತಪ್ಪು."

"ದೇವರಾಣೆ ನಾನಲ್ಲಮ್ಮಾ. ಅವನ ಅಂಗಡಿ ಮುಂದೆ ಜನ ಸಾಲು ನಿಂತ್ರೆ ನನಗೆ ಹೊಟ್ಟೆ ಉರಿಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇಂಥದ್ದಕ್ಕೆಲ್ಲ ನಾನು ಕೈ ಹಾಕೋನಲ್ಲ."

ಮೊಳೆಯಮ್ಮ ತಮ್ಮ ಫೋನು ಚಾಚಿದರು. "ಇದನ್ನ ಓದಿ ಹೇಳಿ. ಇದರಲ್ಲಿ ನಿಮಗೆ ಗೊತ್ತಿರೋ ಮಾತು ಯಾವುದಾದ್ರೂ ಇದೆಯಾ?"

ಗರಿಗರಿ ಜೇಬು ತಡವಿದರು. ಆ ಜೇಬು, ಈ ಜೇಬು. "ಕನ್ನಡಕ ಮನೇಲಿ ಬಿಟ್ಟುಬಂದೆ, ನೋಡಿ."

ಕನ್ನಡಕ ಅವರ ತಲೆಯ ಮೇಲೆಯೇ ಕೂತಿತ್ತು.

ಮೊಳೆಯಮ್ಮ ಅದನ್ನು ಹೇಳಲಿಲ್ಲ. ಮಡಚಿ ಮನಸ್ಸಿನಲ್ಲಿಟ್ಟುಕೊಂಡರು. ಹೊರಡುವಾಗ ಗರಿಗರಿ ಮೆಲ್ಲಗೆ ಕೇಳಿದರು: "ಅವನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮಾ? ಈ ವಯಸ್ಸಲ್ಲಿ ಹೋಗಿ ಪಾಠಕ್ಕೆ ಕೂರೋಕೆ?"

ಆ ದನಿಯಲ್ಲಿ ಹೊಟ್ಟೆಯುರಿ ಇರಲಿಲ್ಲ. ಅಲ್ಲಿದ್ದದ್ದು ಬೇರೆ ಏನೋ.

*

ಬೇಕರಿಯಣ್ಣನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಮೊಳೆಯಮ್ಮ ಬಗ್ಗಿ ಒಳಗೆ ಹೋದರು. ಹಿಟ್ಟಿನ ಚೀಲದ ಮೇಲೆ ಆ ದೊಡ್ಡ ಮನುಷ್ಯ ಕೈಕಟ್ಟಿ ಕೂತಿದ್ದರು. ಹುಬ್ಬಿನ ಮೇಲೆಲ್ಲ ಹಿಟ್ಟು.

"ಬಂದ್ರಾ ಅಮ್ಮ? ನೀವೂ ನೋಡಿದ್ರಾ?"

"ನೋಡಿದೆ."

"ನಲವತ್ತು ವರ್ಷ ಈ ಅಂಗಡಿ ನಡೆಸಿದೆ. ಎಲ್ಲ ನೆನಪಲ್ಲೇ. ಬೋರ್ಡು ತಲೆಕೆಳಗೆ ಹಾಕಿದ್ರೂ ನನಗೆ ಗೊತ್ತಾಗ್ತಿರ್ಲಿಲ್ಲ. ಒಬ್ಬರಿಗೂ ಸುಳಿವು ಕೊಟ್ಟೋನಲ್ಲ. ಇವತ್ತು ನೋಡಿ."

"ನಕ್ಕರಾ ಯಾರಾದ್ರೂ?"

"ನಗೋಕೆ ನಾನು ಬಾಗಿಲು ತೆಗೆದಿದ್ರೆ ತಾನೇ?"

ಮೊಳೆಯಮ್ಮ ಪಕ್ಕದ ಚೀಲದ ಮೇಲೆ ಕೂತರು. ಒಲೆಯ ಬಿಸಿ ಬೆನ್ನಿಗೆ ಹಿತವಾಗಿತ್ತು. ಏನೂ ಕೇಳದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸುಮ್ಮನಿದ್ದವರ ಮುಂದೆ ಜನ ಬಾಯಿ ಬಿಡುತ್ತಾರೆ. ಅಚ್ಚುಕೂಟದಲ್ಲಿ ಕಲಿತದ್ದು ಇದು, ದೇವರ ಮುಂದೆ ಕೂತು ಕಲಿತದ್ದೂ ಇದೇ.

"ಅವಮಾನ ಇರಲಿ ಬಿಡಿ," ಅಂದರು ಬೇಕರಿಯಣ್ಣ. "ನನ್ನ ಸಂಕಟ ಬೇರೆ. ಆ ಏಳು ತಪ್ಪು ಇವತ್ತಿನದಲ್ಲಮ್ಮ."

"ಅಂದ್ರೆ?"

"ಐದು ಗಂಟೆಗೆ ಹಿಟ್ಟು ಉಬ್ಬೋಕೆ ಇಡ್ತೀನಿ. ಐದೂ ನಲವತ್ತಕ್ಕೆ ಪುಟ ತೆಗೀತೀನಿ. ಕಿವಿಯ ಚಿತ್ರ ಒತ್ತಿದ್ರೆ ಅದೇ ಓದಿ ಹೇಳುತ್ತೆ, ನಾನು ಬೆರಳಲ್ಲಿ ಬರೀತೀನಿ. ಇವತ್ತು ಹನ್ನೊಂದನೇ ಪಾಠ ಪೂರ್ತಿ ಬರೆದೆ. ಒಂದೂ ತಪ್ಪಿಲ್ಲ! ಗಂಟೆ ಬಾರಿಸ್ತು, ಶಭಾಷ್ ಅಂತು. ಖುಷಿಯಾಗಿ ಮತ್ತೆ ಪುಟ ತೆಗೆದ್ರೆ ಅದೇ ಏಳು ತಪ್ಪು. ಹತ್ತು ಸಲ ತೆಗೆದೆ. ಏಳೇ." ಹುಬ್ಬಿನ ಹಿಟ್ಟನ್ನು ತೋಳಿನಿಂದ ಒರೆಸಿಕೊಂಡರು. "ನನ್ನ ಸರಿಯಾದ ಪಾಠ ಯಾರೋ ಕದ್ದುಬಿಟ್ಟಿದ್ದಾರೆ."

ಮೊಳೆಯಮ್ಮ ಎದ್ದು ನಿಂತರು. ಅವರ ಕಣ್ಣಲ್ಲಿ ಮಿಂಚು ಓಡಿತು.

"ನಾಲ್ಕು ಗಂಟೆಗೆ ಆಫೀಸಿಗೆ ಬನ್ನಿ. ನಿಮ್ಮ ಪಾಠ ನಿಮಗೆ ಸಿಗುತ್ತೆ."

*

ಮಧ್ಯಾಹ್ನ ಎರಡೂಕಾಲು. ಬಿಸಿಲು ಕಿಟಕಿಯ ಸರಳು ದಾಟಿ ಮೇಜಿನ ಮೇಲೆ ಬಿದ್ದಿತ್ತು.

"ಬೇಕರಿಯಣ್ಣನ ಪಾಠದ ಲೆಕ್ಕ ನಿನ್ನ ಹತ್ರ ಬೇರೆ ಇರುತ್ತಾ? ಪುಟದಲ್ಲಿ ಅಲ್ಲ, ಒಳಗೆ?"

ಸೊಸೆ ಹುಡುಕಿದಳು. ಹುಬ್ಬೇರಿಸಿದಳು. "ಇದೆ ಅತ್ತೆ. ಪಾಠ ಹನ್ನೊಂದು ಮುಗಿದಿದೆ. ಆರು ಗಂಟೆ ಎರಡು ನಿಮಿಷ. ತಪ್ಪು, ಸೊನ್ನೆ. ಈಗ ಪಾಠ ಹನ್ನೆರಡು ತೋರಿಸ್ಬೇಕಿತ್ತು."

"ಪುಟ ಏನು ತೋರಿಸ್ತಿದೆ?"

"ಹನ್ನೊಂದು. ಏಳು ತಪ್ಪು."

"ಒಳಗಿರೋದು ಸರಿ. ಹೊರಗೆ ಕಾಣೋದು ಹಳೇದು. ಕಳ್ಳ ಬಂದಿದ್ರೆ ಒಳಗಿನದನ್ನ ಕೆಡಿಸ್ತಿದ್ದ." ಮೊಳೆಯಮ್ಮ ಕುರ್ಚಿ ಎಳೆದುಕೊಂಡರು. "ನನ್ನ ಪುಟ ತೆಗಿ. ಈಗ."

ತೆಗೆದಳು. "ಶುಭೋದಯ, ಬೇಕರಿಯಣ್ಣ."

ಮಧ್ಯಾಹ್ನ ಎರಡೂಕಾಲಿಗೆ ಶುಭೋದಯ.

ಸೊಸೆಯ ಬಾಯಿ ಅರ್ಧ ತೆರೆಯಿತು. ಆದರೆ ಮೊಳೆಯಮ್ಮ ಪರದೆಯನ್ನೇ ನೋಡುತ್ತಿರಲಿಲ್ಲ. ತಮ್ಮ ಬಲಗೈಯನ್ನು ನೋಡುತ್ತಿದ್ದರು. ಹೆಬ್ಬೆರಳು ಕಿರುಬೆರಳಿನ ಮೊದಲ ಗೆಣ್ಣಿನ ಮೇಲಿತ್ತು. ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ.

"ಇನ್ನೊಂದು ಸಲ ತೆಗಿಯಮ್ಮಾ."

ತೆಗೆದಳು. ಹೆಬ್ಬೆರಳು ಮತ್ತೆ ಅಲ್ಲೇ.

"ನಿನ್ನೆವರೆಗೂ ದೇವರ ಹೆಸರು ಎಂಟು ಸಲ ಹೇಳ್ತಿದ್ದೆ," ಅಂದರು ಮೊಳೆಯಮ್ಮ, ತಮಗೆ ತಾವೇ. "ಇವತ್ತು ಒಂದು ಮುಗಿಯೋದ್ರೊಳಗೆ ಪುಟ ಬಂದು ನಿಂತಿದೆ. ಬೆಳಗಿಂದ ನಾವೆಲ್ಲ ಪುಟದಲ್ಲಿ ಏನಿದೆ ಅಂತಲೇ ನೋಡಿದ್ವಿ. ಎಷ್ಟು ಬೇಗ ಬಂತು ಅಂತ ಯಾರಾದ್ರೂ ನೋಡಿದ್ವಾ?"

ಕಣ್ಣು ಮುಚ್ಚಿ ಕೂತರು. ನಿನ್ನೆಯ ಚಹಾ ನೆನಪಿಗೆ ಬಂತು. ಉಕ್ಕಿದ ಹಾಲು ನೆನಪಿಗೆ ಬಂತು. ಅರ್ಧಕ್ಕೆ ಬಿಟ್ಟ ಮಾತೂ ನೆನಪಿಗೆ ಬಂತು.

"ಅಯ್ಯೋ ದೇವರೇ," ಅಂದರು. ಆಮೇಲೆ ನಕ್ಕರು. ಗಟ್ಟಿಯಾಗಿ, ಹೆಗಲು ಕುಲುಕುವ ಹಾಗೆ.

"ಯಾರು ಅಂತ ಗೊತ್ತಾಯ್ತಾ ಅತ್ತೆ?"

"ಗೊತ್ತಾಯ್ತು. ಇಬ್ಬರು. ಬೆಳಗಿಂದ ಇಬ್ಬರೂ ಇದೇ ಆಫೀಸಲ್ಲಿ ಮುಖ ಊದಿಸ್ಕೊಂಡು ಓಡಾಡ್ತಿದ್ದಾರೆ. ಆ ಎರಡು ದಿನದ ಕೆಲಸ ಅಂದ್ಯಲ್ಲ, ಅದು ಎಲ್ಲಿವರೆಗೆ ಬಂದಿದೆ?"

"ಮನೇಲಿ ಕೂತು ಮುಗಿಸಿಟ್ಟಿದ್ದೀನಿ. ಹಾಕೋಕೆ ಒಪ್ಪಿಗೆ ಸಿಕ್ಕಿಲ್ಲ, ಅಷ್ಟೇ."

"ಸಿಗುತ್ತೆ. ತಯಾರಾಗಿರು."

*

ನಾಲ್ಕು ಗಂಟೆ. ಲೈಬ್ರರಿ ಮೇಡಂ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬೇಕರಿಯಣ್ಣ ಒಂದು ತಟ್ಟೆ ಬನ್ನು ಹಿಡಿದು, ಬಟ್ಟೆ ಮುಚ್ಚಿದ ಒಂದು ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದರು. ಬರಿಗೈಯಲ್ಲಿ ಯಾರ ಮನೆಗೂ ಹೋಗುವವರಲ್ಲ ಅವರು, ಇಂಥ ದಿನವೂ. ಬಾಗಿಲಾಚೆ ಗರಿಗರಿಯ ನೆರಳು ಸುಳಿದಾಡುತ್ತಿತ್ತು.

"ಕಳ್ಳ ಸಿಕ್ಕನಾ ಅಮ್ಮಾ?" ಕೇಳಿದರು ಯಜಮಾನರು.

"ಕಳ್ಳ ಇಲ್ಲ. ನಾನು ನಾಲ್ಕು ಪ್ರಶ್ನೆ ಕೇಳಿಕೊಂಡೆ, ಅಷ್ಟೇ." ಮೊಳೆಯಮ್ಮ ಬೆರಳು ಮಡಚಿದರು. "ಇಷ್ಟು ಜನರಲ್ಲಿ ಬೇಕರಿಯಣ್ಣನೇ ಯಾಕೆ? ಅವರ ಮೇಲೆ ಯಾರಿಗಾದ್ರೂ ಹಗೆಯಾ? ಅಲ್ಲ. ಊರಲ್ಲಿ ಎಲ್ಲರಿಗಿಂತ ಮೊದಲು ಏಳೋರು ಅವರು. ಇವತ್ತು ಮೊದಲು ಪುಟ ತೆಗೆದೋರೂ ಅವರೇ. ಮೊದಲು ಬಂದೋರ ಪುಟವೇ ಉಳಿದೋರಿಗೆಲ್ಲ ಹೋಗಿದೆ. ನಾಳೆ ಹಾಲಿನವನು ಮೊದಲು ತೆಗೆದ್ರೆ ಎಲ್ಲರೂ ಹಾಲಿನವರೇ."

ಮೇಡಂ ಮುಂದಕ್ಕೆ ಬಾಗಿದರು.

"ಮಧ್ಯಾಹ್ನ ಶುಭೋದಯ ಯಾಕೆ? ಸರಿಯಾಗಿ ಬರೆದ ಮೇಲೂ ಏಳು ತಪ್ಪು ಯಾಕೆ? ಪುಟ ಐದೂ ನಲವತ್ತಕ್ಕೆ ಒಂದೇ ಸಲ ಕಟ್ಟಿದ್ದು. ಆಮೇಲೆ ಯಾರೂ ಅದನ್ನ ಬಿಚ್ಚಿಲ್ಲ, ಹೊಸದಾಗಿ ಜೋಡಿಸಿಲ್ಲ. ಕಟ್ಟಿದ್ದನ್ನೇ ಒತ್ತಿ ಒತ್ತಿ ಕೊಟ್ಟಿದ್ದಾರೆ. ಇದು ನನ್ನ ಸೊಸೆ ಬರೆದ ಸಾಲಿನ ತಪ್ಪಲ್ಲ. ಅವಳು ಆ ಸಾಲು ಬರೆಯದೇ ಇದ್ದಿದ್ರೆ ಶುಭೋದಯದ ಗುಟ್ಟು ನಮಗೆ ಸಿಗ್ತಾನೇ ಇರ್ಲಿಲ್ಲ."

"ಮತ್ತೆ ಯಾರು?"

"ಕೊನೇ ಪ್ರಶ್ನೆ. ಇವತ್ತು ಪುಟ ಕಣ್ಣು ಮಿಟುಕಿಸೋದ್ರಲ್ಲಿ ಬಂತಲ್ಲ, ಅದು ಬೇಗ ಬರಬೇಕು ಅಂತ ಆಸೆ ಯಾರಿಗಿತ್ತು? ಇವತ್ತು ನಾಲ್ಕು ಗಂಟೆಗೇ ಸಂತೋಷದ ಸುದ್ದಿ ಹೇಳ್ತೀನಿ ಅಂತಿದ್ದೋರು ಯಾರು?"

ಎಲ್ಲರ ತಲೆಗಳೂ ಒಟ್ಟಿಗೆ ತಿರುಗಿದವು. ಯಜಮಾನರ ಟವೆಲ್ಲು ಕೈಯಿಂದ ಜಾರಿತು.

"ನಾನಾ? ನಾನು ಯಾರ ಅಕ್ಷರಾನೂ ಮುಟ್ಟಿಲ್ಲ ಅಮ್ಮಾ! ವೆಬ್‌ಸೈಟು ಇಟ್ಟಿರೋ ಬಾಡಿಗೆ ಸರ್ವರಿನಲ್ಲಿ ಒಂದೇ ಒಂದು ಗುರುತು ಹಾಕಿದೆ. ಕಟ್ಟಿದ ಪುಟ ಇಟ್ಟುಕೋ ಅಂತ. ಬೆಳಿಗ್ಗೆ ಐದರಿಂದ ಜಾರಿಗೆ ಬರೋ ಹಾಗೆ. ನಿನ್ನೆ ರಾತ್ರಿ ಸ್ವಲ್ಪ ಹೊತ್ತು ಅದನ್ನ ಹಾಕಿ ಹತ್ತು ಸಲ ಪರೀಕ್ಷೆ ಮಾಡಿದೆ, ಹತ್ತು ಸಲವೂ ನನ್ನ ಹೆಸರೇ ಸರಿಯಾಗಿ ಬಂತು!"

"ಹತ್ತು ಸಲವೂ ತೆಗೆದೋರು ಯಾರು?"

"ನಾ..." ಯಜಮಾನರು ನಿಂತರು. ಬಾಯಿ ಮುಚ್ಚಿತು. ತೆರೆಯಿತು. ಮತ್ತೆ ಮುಚ್ಚಿತು. "ನಾನೇ."

ಬಿರುಗಾಳಿ ಹಣೆ ಹಿಡಿದುಕೊಂಡ. ಬೇಕರಿಯಣ್ಣನ ಗಂಟಲಿನಿಂದ ಒಂದು ಸದ್ದು ಬಂತು. ನಗು ಅದು, ಬೆಳಗಿನಿಂದ ಒಳಗೇ ಕಟ್ಟಿಹೋಗಿದ್ದದ್ದು.

ಯಜಮಾನರು ಸೊಸೆಯ ಮುಂದೆ ಹೋಗಿ ನಿಂತರು. "ಇಡೀ ದಿನ ನಿನ್ನ ಮೇಲೆ ಬಂದ ಮಾತನ್ನ ಕೇಳಿಕೊಂಡು ಕೂತೆನಲ್ಲಮ್ಮಾ. ನನ್ನದೇ ಕೈವಾಡ ಅಂತ ಹೊಳೀಲೇ ಇಲ್ಲ. ಕ್ಷಮಿಸು."

"ಅವರೊಬ್ಬರನ್ನೇ ಬೈಬೇಡಿ," ಅಂದರು ಮೊಳೆಯಮ್ಮ. "ಇನ್ನೊಬ್ಬ ಅಪರಾಧಿ ನಾನು. ಪುಟ ನಿಧಾನ ಅಂತ ನಿನ್ನೆ ಇವರು ಗೊಣಗಿದಾಗ, ನಾನು ಪ್ರೆಸ್ಸಿನ ಕಥೆ ಶುರು ಮಾಡಿದೆ. ಐನೂರು ಆಮಂತ್ರಣ ಒತ್ತಬೇಕಾದ್ರೆ ಪ್ರತಿಯೊಂದಕ್ಕೂ ಮೊಳೆ ಹೊಸದಾಗಿ ಜೋಡಿಸ್ತಾ ಕೂತ್ರೆ ಮದುವೆ ಮುಗಿದಿರುತ್ತೆ, ಅದಕ್ಕೇ ನಾವು ಕಟ್ಟಿದ ಮೊಳೆಯ ಚೌಕಟ್ಟನ್ನ, ಅಂದ್ರೆ ಫಾರಮನ್ನ, ಬಿಚ್ಚದೆ ಹಾಗೇ ಇಡ್ತಿದ್ವಿ ಅಂದೆ. ಅಷ್ಟರಲ್ಲಿ ಹಾಲು ಉಕ್ಕಿತು. ಇವರು ಕೇಳಿದ ಅರ್ಧವನ್ನೇ ಹಿಡಿದು ಆ ಗುರುತು ಹಾಕಿದ್ರು."

"ಉಳಿದರ್ಧ ಏನು?" ಕೇಳಿದ ಬಿರುಗಾಳಿ.

"ಆ ಫಾರಮಿನಲ್ಲಿ ಕರೆಸಿಕೊಳ್ಳೋರ ಹೆಸರಿನ ಜಾಗ ಮಾತ್ರ ಖಾಲಿ ಬಿಡ್ತಿದ್ವಿ. ಚೌಕಟ್ಟು ನಿಂತಿರಲಿ, ಹೆಸರಿನ ಸಾಲು ಒಂದು ಪ್ರತಿ ಸಲ ಹೊಸದು. ಒಂದೇ ಸಾಲಿಗೆ ಎಷ್ಟು ಹೊತ್ತು ಬೇಕು? ಬೇಗವೂ ಆಗುತ್ತೆ, ದೊಡ್ಡಪ್ಪನ ಕಾಗದ ಚಿಕ್ಕಪ್ಪನಿಗೆ ಹೋಗೋದೂ ತಪ್ಪುತ್ತೆ."

ಸೊಸೆ ಎದ್ದು ಗೋಡೆಯ ಹಾಳೆಯ ಪಕ್ಕ ನಿಂತಳು. "ನಾನು ಕೇಳಿದ್ದ ಎರಡು ದಿನ ಇದಕ್ಕೇ. ಪುಸ್ತಕದ ಪಟ್ಟಿ, ತಲೆಬರಹ, ವಿಳಾಸ, ಇವು ಎಲ್ಲರಿಗೂ ಒಂದೇ. ಒಂದು ಸಲ ಕಟ್ಟಿ ಇಡೋಣ. ಹೆಸರು, ಒಯ್ದ ಪುಸ್ತಕ ಇಲ್ಲಾ ಪಾಠ, ಗಡುವು ಇಲ್ಲಾ ತಪ್ಪು-ಒಪ್ಪು, ಈ ಮೂರು ಸಾಲು ಮಾತ್ರ ಕೇಳಿದಾಗ ಕೇಳಿದೋರಿಗೆ ಜೋಡಿಸೋಣ. ಹಾಕಲಾ ಮೇಡಂ?"

ಮೇಡಂ ಗೋಡೆಯ ಹಾಳೆಯನ್ನು ನೋಡಿದರು. ಎದ್ದು ಬಂದು ಸೊಸೆಯ ಕೈ ಹಿಡಿದರು. "ಹಾಕಿ. ಬೆಳಿಗ್ಗೆ ಆಡಿದ ಮಾತು ನಾನು ವಾಪಸ್ ತಗೊಂಡೆ. ಈ ಕೆಲಸ ನಿಮ್ಮ ಕೈಲೇ ಇರಲಿ."

ಯಜಮಾನರು ತಮ್ಮ ಗುರುತು ತೆಗೆದರು. ಸೊಸೆ ತನ್ನ ಕೆಲಸ ಏರಿಸಿ, ಮುಚ್ಚಿದ್ದ ಬಾಗಿಲನ್ನು ಎಲ್ಲರಿಗೂ ತೆರೆದಳು.

"ಈಗ ಎಲ್ಲರೂ ಒಟ್ಟಿಗೆ ತೆಗೀರಿ," ಅಂದರು ಮೊಳೆಯಮ್ಮ. "ಒಬ್ಬರೇ ಹತ್ತು ಸಲ ಅಲ್ಲ."

ಫೋನುಗಳು ಒಟ್ಟಿಗೆ ಬೆಳಗಿದವು. ಮೇಡಂಗೆ ಮೇಡಂ ಹೆಸರು. ಬಿರುಗಾಳಿಗೆ ಮರಳಿಸಬೇಕಾದ ಕವನ ಸಂಕಲನಗಳ ಪಟ್ಟಿ, ಎಲ್ಲಕ್ಕೂ ಗಡುವು ಮೀರಿತ್ತು. ಬೇಕರಿಯಣ್ಣ ಕಿವಿಯ ಚಿತ್ರ ಒತ್ತಲಿಲ್ಲ. ಬೆರಳಿಟ್ಟು ತಾವೇ ಓದಿದರು. ಅಕ್ಷರಕ್ಕೊಂದು ಉಸಿರು.

"ಶು... ಭ... ಸಂ... ಜೆ. ಪಾ... ಠ. ಹನ್ನೆರಡು. ತಪ್ಪು..." ತಲೆ ಎತ್ತಿದರು. ಕಣ್ಣು ತುಂಬಿತ್ತು. "ಸೊನ್ನೆ."

ಯಾರೂ ಹೇಳದೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ನನಗೆ ಏನು ಶಿಕ್ಷೆ ಬೇಕಾದ್ರೂ ಕೊಡಿ ಅಣ್ಣಾ," ಅಂದರು ಯಜಮಾನರು ತಲೆ ತಗ್ಗಿಸಿ. "ನಿಮ್ಮ ಗುಟ್ಟು ಬೀದಿಗೆ ಹಾಕಿದೋನು ನಾನು."

ಬೇಕರಿಯಣ್ಣ ಗಲ್ಲ ತುರಿಸಿಕೊಂಡರು. "ದೊಡ್ಡ ಶಿಕ್ಷೆ ಏನೂ ಬೇಡ. ಒಂದು ತಿಂಗಳು ದಿನಾ ಬೆಳಿಗ್ಗೆ ಐದೂ ನಲವತ್ತಕ್ಕೆ ನನ್ನ ಅಂಗಡಿಗೆ ಬಂದು ಪಾಠ ಒಪ್ಪಿಸಿಕೊಳ್ಳಿ."

ಯಜಮಾನರ ಮುಖ ನೋಡಿ ಬಿರುಗಾಳಿ ಮೇಜಿನ ಕೆಳಗೆ ಬಗ್ಗಿಬಿಟ್ಟ. ಅವನ ನಗು ಮಾತ್ರ ಮೇಲೆ ಕೇಳುತ್ತಿತ್ತು.

"ಇನ್ನೊಂದು," ಅಂದರು ಬೇಕರಿಯಣ್ಣ. "ಮೊಳೆಯಮ್ಮ ಬಂದು ಹೋದ ಮೇಲೆ ಬಾಗಿಲು ಪೂರ್ತಿ ತೆಗೆದೆ. ಜನ ಬಂದ್ರು. ಒಬ್ಬನೂ ನಗಲಿಲ್ಲ. ಒಬ್ಬಳು ತಾಯಿ ತನ್ನ ಮಗಳ ಸ್ಲೇಟು ಕೊಟ್ಟು ಹೋದ್ಲು. ಮುಚ್ಚಿಡೋಕೆ ಇನ್ನೇನಿದೆ ಅಂತ ನಾನೇ ಒಂದು ಬೋರ್ಡು ಬರೆದೆ. ನನ್ನ ಜೀವಮಾನದ ಮೊದಲನೇದು."

ಹಲಗೆಯ ಬಟ್ಟೆ ಸರಿಸಿದರು. ಸುಣ್ಣದ ಬಳಪದಲ್ಲಿ, ಒಂದೊಂದು ಅಕ್ಷರವೂ ಬನ್ನಿನಷ್ಟು ದುಂಡಗೆ:

"ಹೌದು ಅದು ನಾನೆ. ಬನು ಬಿಸಿ ಇದೆ. ಒಳಗೆ ಬನ್ನಿ."

ಮೊಳೆಯಮ್ಮನ ಕೈ ಅಭ್ಯಾಸಬಲದಿಂದ ಕೆಂಪು ಪೆನ್ನಿಗೆ ಹೋಯಿತು. ಮುಚ್ಚಳ ತೆಗೆಯಿತು. ಅವರು ಆ ಬರಹವನ್ನು ತುಂಬಾ ಹೊತ್ತು ನೋಡಿದರು. ಮುಚ್ಚಳ ಹಾಕಿ ಪೆನ್ನನ್ನು ಸೆರಗಿನೊಳಗೆ ಸೇರಿಸಿಬಿಟ್ಟರು.

"ಒಂದಕ್ಷರ ಮುಟ್ಟೋ ಹಾಗಿಲ್ಲ," ಅಂದರು. "ಹೀಗೇ ತೂಗು ಹಾಕಿ."

ಆಗ ಬಾಗಿಲಾಚೆಯ ನೆರಳು ಒಳಗೆ ಬಂತು. ಗರಿಗರಿ. ಕನ್ನಡಕ ಇನ್ನೂ ತಲೆಯ ಮೇಲೇ. ಕೈಯಲ್ಲಿ ರಸ್ಕಿನ ಪೊಟ್ಟಣ. ಹತ್ತು ವರ್ಷದಲ್ಲಿ ಮೊದಲ ಸಲ ಬೇಕರಿಯಣ್ಣನ ಮುಖ ನೋಡಿದರು. ಮಾತು ಮಾತ್ರ ಮೇಡಂ ಹತ್ತಿರ ಹೊರಟಿತು.

"ಮೊನ್ನೆ ಕೇಳೋಕೆ ಬಂದೆ ಮೇಡಂ. ಬಾಯಿಗೆ ಬರಲಿಲ್ಲ. ಅವನ ವಿಷಯ ಕೇಳಿ ಹೊರಟುಹೋದೆ." ಪೊಟ್ಟಣ ಆ ಕೈಯಿಂದ ಈ ಕೈಗೆ ಹೋಯಿತು. "ಆ ತರಗತೀಲಿ... ಇನ್ನೊಂದು ಜಾಗ ಇದೆಯಾ?"

ಮೇಡಂ ಉತ್ತರಿಸುವ ಮೊದಲೇ ಬೇಕರಿಯಣ್ಣ ತಮ್ಮ ಪಕ್ಕದ ಕುರ್ಚಿಯನ್ನು ಎಳೆದರು.

"ಕೂತ್ಕೋ ಮಾರಾಯಾ. ಮೊದಲನೇ ಪಾಠ ನಾನೇ ಹೇಳಿಕೊಡ್ತೀನಿ. ಆ ಕನ್ನಡಕ ಮಾತ್ರ ಮೂಗಿನ ಮೇಲೆ ಇಳಿಸು."

*

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿ ಫೋನು ಬಡಿದುಕೊಳ್ಳುತ್ತಿರಲಿಲ್ಲ. ಯಜಮಾನರು ಆಗಲೇ ಬಂದು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅಂಗಿಯ ತೋಳಿನ ಮೇಲೆ ಹಿಟ್ಟು. ಸೊಸೆ ಕಿಟಕಿ ತೆರೆದಳು. ಬಿಸಿ ಬನ್ನಿನ ವಾಸನೆಯೂ ರಸ್ಕಿನ ವಾಸನೆಯೂ ಒಂದೇ ಗಾಳಿಯಲ್ಲಿ ಒಳಗೆ ಬಂದವು.

ಮೊಳೆಯಮ್ಮ ತಮ್ಮ ಪುಟ ತೆರೆದರು. ದೇವರ ಹೆಸರು ಒಂದು ಸಲ ಮುಗಿಯುವ ಮೊದಲೇ ಅದು ಬಂದು ನಿಂತಿತು.

"ಶುಭೋದಯ, ಮೊಳೆಯಮ್ಮ."

ಅವರಿಗೆ ಏನೋ ಕಡಿಮೆಯಾದಂತೆ ಅನಿಸಿತು. ಪುಟ ಬಂತು ಎಂದು ಅರ್ಧಕ್ಕೆ ಬಿಡುವುದು ಸರಿಯಲ್ಲ. ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ನಿನ್ನೆಯಷ್ಟೇ ನೋಡಿದ್ದರು. ಕಣ್ಣು ಮುಚ್ಚಿ, ಅವಸರವಿಲ್ಲದೆ, ಉಳಿದ ಏಳನ್ನೂ ಹೇಳಿ ಮುಗಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡರು.